ಅಲ್ಲಾಡದ ಮುಳ್ಳು

ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಬಂದು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದ ಟೀಚರಮ್ಮನ ಕಿವಿ ನೆಟ್ಟಗಾಯಿತು. ಪಕ್ಕದಲ್ಲಿ ಬಾನೆಟ್ ಎತ್ತಿದ ಕಾರು. ಅದರ ಮುಂದೆ ಮೆಕ್ಯಾನಿಕ್, ಒಬ್ಬ ಹೆಂಗಸು, ಅವಳ ಮಾವ.

“ಇಂಜಿನ್ ಕುದ್ದು ಹಬೆ ಬಂತು ಅಂತೀರಿ. ಟೆಂಪರೇಚರ್ ಮುಳ್ಳು ಮೇಲೇರಲಿಲ್ವಾ?” ಮೆಕ್ಯಾನಿಕ್ ಕೇಳಿದ.

“ಅಲ್ಲಾಡಲೇ ಇಲ್ಲ,” ಎಂದಳು ಸೊಸೆ.

“ಹೇಗೆ ಅಲ್ಲಾಡುತ್ತೆ? ಕೂಲೆಂಟ್ ಬಿಸಿ ತಿಳಿಸೋ ಸೆನ್ಸರ್ ವೈರೇ ಕಿತ್ತಿದೆ. ಮೇಲೆ ನೀಟಾಗಿ ಟೇಪ್ ಬೇರೆ ಸುತ್ತಿದ್ದಾರೆ. ಇದು ಇಲಿ ಕೆಲಸ ಅಲ್ಲ.”

ಮಾವ ಕೆಮ್ಮಿದರು.

“ಮಾವಾ?”

“ಏನ್ಮಾಡ್ಲಮ್ಮಾ? ಮುಳ್ಳು ಒಂಚೂರು ಏರಿದ್ರೂ ನಿಮ್ಮತ್ತೆ ‘ಗಾಡಿ ತಿರುಗಿಸಿ’ ಅಂತ ಪ್ರಾಣ ತಿಂತಾಳೆ. ಅವಳ ತಂಗಿ ಮನೆಗೆ ಹೊರಟಾಗೆಲ್ಲ ಅರ್ಧ ದಾರೀಲೇ ವಾಪಸ್. ವೈರ್ ಕಿತ್ತ ಮೇಲೇನೇ ಒಂದ್ಸಲ ತಲುಪಿದ್ದು. ಅಕ್ಕತಂಗಿ ತಬ್ಕೊಂಡು ಅತ್ತಿದ್ದೇ ಅತ್ತಿದ್ದು.”

“ಆದ್ರೆ ನಿಮ್ಮನೆಯವ್ರು ಹೇಳಿದ್ದೇ ಸರಿ, ಸಾರ್,” ಎಂದ ಮೆಕ್ಯಾನಿಕ್. “ರೇಡಿಯೇಟರ್ ಸೋರ್ತಿದೆ. ಮುಳ್ಳು ಸುಳ್ಳು ಹೇಳ್ತಿರಲಿಲ್ಲ.”

ಸೊಸೆಗೆ ನಗು ತಡೆಯಲಾಗಲಿಲ್ಲ. “ಎರಡನ್ನೂ ಸರಿ ಮಾಡಿಬಿಡಿ. ಇನ್ಮೇಲೆ ಅತ್ತೆ ಹಿಂದಿನ ಸೀಟಲ್ಲಿ ಕೂತ್ಕೊಳ್ಳಲಿ.”

“ಅದನ್ನ ಮಾತ್ರ ನೀನೇ ಹೇಳಮ್ಮ,” ಎನ್ನುತ್ತ ಮಾವ ಗೇಟಿನತ್ತ ಕಾಲು ಕಿತ್ತರು.