ಮೂರನೆಯ ವಾಕ್ಯ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಈಗಾಗಲೇ ಮೂರು ಸಲ ಗಡಿಯಾರ ನೋಡಿಕೊಂಡಿರುವ ಮುಖ್ಯ ಅತಿಥಿಗಳೇ, ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟ ಕಾರ್ಯದರ್ಶಿಗಳೇ, ಯಾವ ಕಚೇರಿಗೂ ಸೇರದೆ, ಯಾವ ಸಾಹೇಬರಿಗೂ ಹೇಳದೆ, ನಿಮ್ಮ ಪಾಡಿಗೆ ನೀವೇ ರಜೆ ಹಾಕಿ ಬಂದಿರುವ ಸಭಿಕರೇ,

ನಮ್ಮ ಸ್ವತಂತ್ರ ಕಸುಬುದಾರರ ಸಂಘ ಈ ವಾರ್ಷಿಕ ಸಭೆಯಲ್ಲಿ ನನಗೆ 'ಏಕಾಂಗಿ ಸಾಧಕ' ಎಂಬ ಫಲಕ ಕೊಟ್ಟಿದೆ. ನಾನು ಪ್ರೂಫ್ ನೋಡುವವನು. ಯಾರು ಏನು ಕೊಟ್ಟರೂ ಮೊದಲು ತಪ್ಪು ಹುಡುಕುವುದು ಕಸುಬಿನ ಚಾಳಿ. ಫಲಕವನ್ನು ಎರಡು ಸಲ ಓದಿದೆ. ಅಕ್ಷರದೋಷ ಒಂದೂ ಇಲ್ಲ. ಆದರೂ ಅದರಲ್ಲಿ ಒಂದು ತಪ್ಪಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

'ಜನಪ್ರಿಯ ವ್ಯವಹಾರ ಪುಸ್ತಕಗಳಿಂದ ಫ್ರೀಲಾನ್ಸರುಗಳು ಕಲಿಯಬೇಕಾದ ಪಾಠಗಳು' ಎಂಬುದು ನನಗೆ ಕೊಟ್ಟ ವಿಷಯ. ಇದಕ್ಕೆ ನನ್ನನ್ನೇ ಏಕೆ ಆರಿಸಿದರು? ಗೆಲ್ಲುವುದು ಹೇಗೆ, ಹೊಸದನ್ನು ಯೋಚಿಸುವುದು ಹೇಗೆ, ಬೇಡ ಎನ್ನುವುದು ಹೇಗೆ ಎಂಬಂಥ ಪುಸ್ತಕಗಳ ಪ್ರೂಫನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ನೂರಕ್ಕೂ ಹೆಚ್ಚು ಪುಸ್ತಕಗಳು. ಉಳಿದವರು ಅವುಗಳನ್ನು ಓದುವುದು ಉದ್ಧಾರವಾಗಲು. ನಾನು ಓದುವುದು ಒತ್ತಕ್ಷರ ಸರಿಯಿದೆಯೇ ಎಂದು. ಹೀಗೆ ಓದಿದವನಿಗೂ ಪುಸ್ತಕ ಅಂಟಿಕೊಳ್ಳುತ್ತದೆ, ಹಿಟ್ಟಿನ ಗಿರಣಿಯವನ ಹುಬ್ಬಿಗೆ ಹಿಟ್ಟು ಅಂಟಿದ ಹಾಗೆ.

ಉಪಯೋಗವಾದ ಪಾಠಗಳೂ ಇವೆ, ಸುಳ್ಳು ಹೇಳಬಾರದು. ಕೆಲಸ ಹಿಡಿಯುವ ಮೊದಲು ಒಪ್ಪಿದ್ದನ್ನು ಬರೆದಿಟ್ಟುಕೊಳ್ಳಿ ಎಂದು ಒಬ್ಬರು ಹೇಳಿದ್ದರು. ಅಂದಿನಿಂದ ಜಗಳ ಅರ್ಧ ಇಳಿಯಿತು. ಕೆಲಸ ಶುರುವಾಗುವ ಹೊತ್ತಿನಂತೆ ನಿಲ್ಲುವ ಹೊತ್ತನ್ನೂ ಗೊತ್ತು ಮಾಡಿಕೊಳ್ಳಿ ಎಂದು ಇನ್ನೊಬ್ಬರು ಹೇಳಿದ್ದರು. ಅದರಿಂದ ನನ್ನ ಬೆನ್ನು ಉಳಿಯಿತು. ಬೆಳಗ್ಗೆ ಐದಕ್ಕೆ ಏಳಿ ಎಂದವರಂತೂ ಹನ್ನೊಂದು ಜನ. ಅದನ್ನೂ ಮಾಡಿ ನೋಡಿದೆ. ಐದಕ್ಕೆ ಎದ್ದೆ, ಆರಕ್ಕೆ ಬಿದ್ದೆ, ಏಳಕ್ಕೆ ಮತ್ತೆ ನಿದ್ದೆ.

ಈ ಐದು ಗಂಟೆಯ ವಿಷಯ ಬಂದಾಗಲೆಲ್ಲ ನನ್ನ ಅಕ್ಕ ಓದುವುದನ್ನು ನಿಲ್ಲಿಸಿ, "ಐದಕ್ಕೆ ಎದ್ದು ಇವನು ಏನು ಮಾಡ್ತಾನಂತೆ ಕಣೋ?" ಎಂದು ಕೇಳುತ್ತಿದ್ದಳು.

"ಪುಸ್ತಕ ಬರೀತಾನಂತೆ."

"ಯಾವುದರ ಬಗ್ಗೆ?"

"ಐದಕ್ಕೆ ಏಳೋದರ ಬಗ್ಗೆ."

"ಸರಿ ಹೋಯ್ತು ಬಿಡು. ಪಾಪ, ಅವನ ಹೆಂಡತೀನೂ ಏಳಬೇಕೇನೋ."

ಅಕ್ಕನ ಮಾತು ಬಂದದ್ದರಿಂದ ನಮ್ಮ ಕೆಲಸದ ರೀತಿಯನ್ನು ಹೇಳಿಬಿಡುತ್ತೇನೆ. ಹಳೆಯ ಕಾಲದಲ್ಲಿ ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾಗಿ ಬಂದ ಹಾಳೆಯ ಮೇಲೆ ಕಣ್ಣಿಟ್ಟು ಗುರುತು ಹಾಕುವುದು. ಓದುವವರು ಚಿಹ್ನೆಗಳನ್ನೂ ಓದಬೇಕು. ಅಲ್ಪವಿರಾಮಕ್ಕೆ 'ಅಲ್ಪ', ಪೂರ್ಣವಿರಾಮಕ್ಕೆ 'ಪೂರ್ಣ', ಪ್ರಶ್ನೆಯ ಚಿಹ್ನೆಗೆ 'ಕೊಕ್ಕೆ'. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಎರಡು ಬೀದಿ ಆಚೆಯಿಂದ ದಿನಾ ಒಂಬತ್ತಕ್ಕೆ ಬಂದು, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತು, ಹದಿನಾಲ್ಕು ವರ್ಷ ಹೀಗೆ ಓದಿದಳು. "ಗೆಲುವು ಎಂದರೇನು ಕೊಕ್ಕೆ ಗೆಲುವು ಎಂದರೆ ಅಭ್ಯಾಸ ಪೂರ್ಣ." ಕೇಳುವವರಿಗೆ ವಿಚಿತ್ರ. ಒಮ್ಮೆ ಪ್ರಕಾಶಕರೊಬ್ಬರು ಫೋನಿನಲ್ಲಿ, "ಮನೇಲಿ ಯಾರೋ ಜಗಳ ಆಡ್ತಿರೋ ಹಾಗಿದೆ, ಆಮೇಲೆ ಮಾಡ್ಲಾ ಸರ್?" ಎಂದು ಕೇಳಿದ್ದರು. ನಾನು ಹೌದೆಂದೆ. ನನ್ನ ಕೆಲಸಕ್ಕೆ ಅಕ್ಕ ಬೇಕು ಎಂದು ಹೇಳುವುದಕ್ಕಿಂತ, ಮನೆಯಲ್ಲಿ ಜಗಳವಿದೆ ಎನ್ನುವುದು ಆಗ ಗೌರವ ಅನ್ನಿಸಿತ್ತು.

ಅಕ್ಕನಿಗೆ ಒಂದು ಗುಣವಿತ್ತು. ಎಲ್ಲಿ ಅರ್ಥ ಕೆಡುತ್ತದೋ ಅಲ್ಲಿ ಅವಳ ನಾಲಿಗೆ ತಾನೇ ಎಡವುತ್ತಿತ್ತು. "ಇಲ್ಲಿ ಏನೋ ನುಂಗಿದಾರೆ ಕಣೋ" ಎನ್ನುತ್ತಿದ್ದಳು. ನೋಡಿದರೆ ಒಂದು ಸಾಲೇ ಬಿಟ್ಟುಹೋಗಿರುತ್ತಿತ್ತು. ನಮ್ಮ ಕಸುಬಿನಲ್ಲಿ ತಪ್ಪಕ್ಷರ ಸಣ್ಣ ಪಾಪ, ಬಿಟ್ಟ ಸಾಲು ದೊಡ್ಡ ಪಾಪ. ತಪ್ಪಾಗಿ ಇರುವುದು ಕಣ್ಣಿಗೆ ಬೀಳುತ್ತದೆ. ಇಲ್ಲದೇ ಇರುವುದು ಹೇಗೆ ಬೀಳಬೇಕು?

ಆರು ವರ್ಷಗಳ ಹಿಂದೆ ಒಂದು ಪುಸ್ತಕ ಬಂತು. ಒಬ್ಬನೇ ನಿಂತು ಗೆಲ್ಲುವುದು ಹೇಗೆ ಎಂಬ ಬಗೆಯದು. ಅದರ ಏಳನೆಯ ಅಧ್ಯಾಯ, ನಿಮ್ಮ ವೇಗಕ್ಕೆ ಬಾರದವರನ್ನು ಕೈಬಿಡುವುದರ ಬಗ್ಗೆ. ಕೈಬಿಡಲು ಐದು ವಾಕ್ಯ ಸಾಕು ಎಂದು ಲೇಖಕ ಅವುಗಳನ್ನು ಬರೆದೇ ಕೊಟ್ಟಿದ್ದ. ಒಂದು: ನಾವು ಒಳ್ಳೆಯ ದಿನಗಳನ್ನು ಕಂಡಿದ್ದೇವೆ. ಎರಡು: ಈಗ ಕೆಲಸದ ರೀತಿ ಬದಲಾಗಿದೆ. ಮೂರು: ನೀವಿಲ್ಲದಿದ್ದರೆ ನಾನು ಇಲ್ಲಿಯವರೆಗೆ ಬರುತ್ತಿರಲಿಲ್ಲ, ಧನ್ಯವಾದ. ನಾಲ್ಕು: ಮುಂದಿನ ತಿಂಗಳಿನಿಂದ ನಾನೊಬ್ಬನೇ ಮುಂದುವರಿಯುತ್ತೇನೆ. ಐದು: ನಿಮಗೆ ಒಳ್ಳೆಯದಾಗಲಿ. ಹೇಳುವಾಗ ಕುಳಿತುಕೊಳ್ಳಬೇಡಿ ಎಂಬ ಸೂಚನೆಯೂ ಇತ್ತು.

ಈ ಅಧ್ಯಾಯವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದವಳು ಯಾರು? ಅಕ್ಕನೇ. ಅಲ್ಪ, ಪೂರ್ಣ ಸಮೇತ.

ಅದೇ ಹೊತ್ತಿಗೆ, ಹಾಳೆಯನ್ನು ತಾನೇ ಓದಿ ಹೇಳುವ ಕಂಪ್ಯೂಟರ್ ದನಿಯೊಂದು ನನ್ನ ಕೈಗೆ ಬಂದಿತ್ತು. ಅದು ಅಕ್ಕನ ಎರಡರಷ್ಟು ಬೇಗ ಓದುತ್ತಿತ್ತು, ಚಹಾ ಕೇಳುತ್ತಿರಲಿಲ್ಲ, ಮುಖ್ಯವಾಗಿ ಲೇಖಕರನ್ನು ಗೇಲಿ ಮಾಡುತ್ತಿರಲಿಲ್ಲ. ಒಂದು ಸೋಮವಾರ ಒಂಬತ್ತಕ್ಕೆ ಅಕ್ಕ ಬಂದಳು. ಕನ್ನಡಕ ಒರೆಸಿಕೊಂಡು ಕೂತಳು. ನಾನು ಪುಸ್ತಕದ ಪ್ರಕಾರ ನಿಂತುಕೊಂಡೆ. ಸ್ವಂತ ಅಕ್ಕನಿಗೆ ಹೇಳುವ ಮಾತನ್ನು ಬಾಯಿಪಾಠ ಮಾಡಿದ್ದೆ. 'ನಿಮಗೆ' ಎಂದಿದ್ದುದನ್ನು 'ನಿನಗೆ' ಎಂದು ತಿದ್ದಿಕೊಂಡದ್ದಷ್ಟೇ ನನ್ನ ಸ್ವಂತ ಕೊಡುಗೆ.

"ನಾವು ಒಳ್ಳೆಯ ದಿನಗಳನ್ನು ಕಂಡಿದ್ದೇವೆ ಅಕ್ಕ" ಎಂದೆ. ಅವಳಿಗೆ ಗೊತ್ತಾಗಿಹೋಯಿತು. ನನ್ನನ್ನೇ ನೋಡುತ್ತಾ ಮೆಲ್ಲಗೆ "ಪೂರ್ಣ" ಎಂದಳು. ಈಗ ಕೆಲಸದ ರೀತಿ ಬದಲಾಗಿದೆ ಎಂದೆ. "ಪೂರ್ಣ." ಮುಂದಿನ ತಿಂಗಳಿನಿಂದ ನಾನೊಬ್ಬನೇ ಮುಂದುವರಿಯುತ್ತೇನೆ ಎಂದೆ. ಅವಳು ಎಡವಿದಳು.

"ನಡುವೆ ಒಂದನ್ನ ನುಂಗಿದೆ ಕಣೋ" ಎಂದಳು. "ಮೂರನೇದು."

ಬೇಕೆಂದು ಬಿಟ್ಟಿದ್ದೆನೆ, ಮರೆತೆನೆ? ಈ ಸಭೆಯೆದುರು ಹೇಳುತ್ತೇನೆ: ಬೇಕೆಂದೇ ಬಿಟ್ಟಿದ್ದೆ. ಅದನ್ನು ಹೇಳಿದರೆ ನಾಲ್ಕನೆಯದನ್ನು ಹೇಳಲು ಆಗುತ್ತಿರಲಿಲ್ಲ. ಅವಳು ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟು, "ಐದನೇದು ನಾನೇ ಹೇಳ್ತೀನಿ ಬಿಡು. ನಿನಗೆ ಒಳ್ಳೇದಾಗ್ಲಿ" ಎಂದು ಎದ್ದುಹೋದಳು.

ಆಮೇಲೆ ಮಾತು ಬಿಟ್ಟಳೆಂದು ತಿಳಿಯಬೇಡಿ. ಸಿಕ್ಕಾಗಲೆಲ್ಲ ಬೆನ್ನು ಹೇಗಿದೆ, ಊಟ ಆಯ್ತಾ ಎಂದು ಕೇಳುತ್ತಿದ್ದಳು. ಪುಸ್ತಕದ ಸುದ್ದಿ ಮಾತ್ರ ಎತ್ತಲಿಲ್ಲ. ನಾನು ಒಬ್ಬನೇ ಮುಂದುವರಿದೆ. ಕಂಪ್ಯೂಟರಿನ ದನಿ ಎಲ್ಲೂ ಎಡವುವುದಿಲ್ಲ. ಅರ್ಥವಿದ್ದರೂ ಓದುತ್ತದೆ, ಅನರ್ಥವಿದ್ದರೂ ಓದುತ್ತದೆ. ಏಕಾಗ್ರತೆಯ ಮೇಲಿನ ಒಂದು ಪುಸ್ತಕದಲ್ಲಿ ಒಂದೇ ಅಧ್ಯಾಯ ಎರಡು ಸಲ ಅಚ್ಚಾಗಿ ಹೋಯಿತು. ನನಗೆ ತಿಳಿಯಲಿಲ್ಲ, ಪ್ರಕಾಶಕರಿಗೆ ತಿಳಿಯಲಿಲ್ಲ. ಮತ್ತೆ ಮತ್ತೆ ಹೇಳಿದ್ದರಿಂದ ಮನಸ್ಸಿಗೆ ನಾಟಿತು ಎಂದು ಓದುಗರೊಬ್ಬರು ಪತ್ರ ಬೇರೆ ಬರೆದಿದ್ದರು. ತಿಳಿದದ್ದು ಒಬ್ಬಳಿಗೆ. ಅಕ್ಕನ ಮಗಳು ಬಂದು, "ಮಾಮ, ಐದನೇ ಪಾಠ ಆದ್ಮೇಲೆ ಮತ್ತೆ ಐದನೇ ಪಾಠಾನೇ ಬಂದಿದೆಯಂತೆ, ಅಮ್ಮ ಹೇಳು ಅಂದ್ಲು" ಎಂದಳು. ನಾನು ನೋಡಿದ ಪುಸ್ತಕಗಳನ್ನೆಲ್ಲ ಅಕ್ಕ ಕೊಂಡು ಓದುತ್ತಿದ್ದಾಳೆಂದು ನನಗೆ ಗೊತ್ತಾದದ್ದು ಆಗ. ಅಂದೇ ಹೋಗಬೇಕಿತ್ತು. ಹೋಗಲಿಲ್ಲ. ನಾಚಿಕೆಯೂ ಒಂದು ಕೆಲಸವೇ, ಸಭಿಕರೇ. ದಿನವಿಡೀ ಹಿಡಿಯುತ್ತದೆ.

ಕಳೆದ ವರ್ಷ ಅಕ್ಕನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡುತ್ತಾಳೆ. ಅಕ್ಷರ ದುಂಡಗಿದೆ, ಚಿಹ್ನೆಗಳೆಲ್ಲ ಇದ್ದಲ್ಲಿ ಇವೆ.

ನಾಲ್ಕು ತಿಂಗಳ ಹಿಂದೆ ಹೋಗಿ ಅವಳ ಎದುರು ನಿಂತೆ. ಆ ಮೂರನೆಯ ವಾಕ್ಯವನ್ನು ಹೇಳಿದೆ. "ನೀನಿಲ್ಲದಿದ್ದರೆ ನಾನು ಇಲ್ಲಿಯವರೆಗೆ ಬರುತ್ತಿರಲಿಲ್ಲ, ಧನ್ಯವಾದ." ಆರು ವರ್ಷ ಹೊತ್ತುಕೊಂಡಿದ್ದ ಮಾತು. ಅವಳು ಕೇಳಿಸಿಕೊಂಡಳು. ಪೆನ್ನು ತೆಗೆದುಕೊಂಡು ಬರೆದು ನನ್ನ ಕಡೆ ತಿರುಗಿಸಿದಳು.

"ಇದು ಪುಸ್ತಕದವನ ವಾಕ್ಯ. ನಿನ್ನದು ಹೇಳು."

ನೂರು ಪುಸ್ತಕ ತಿದ್ದಿದವನ ಬಳಿ ಒಂದು ವಾಕ್ಯ ಇರಲಿಲ್ಲ. ಹಾಗೇ ತಿರುಗಿ ಬಂದೆ.

ಹಾಗಾದರೆ ಈ ಪುಸ್ತಕಗಳಿಂದ ನಾವು ಕಲಿಯಬೇಕಾದ ಪಾಠವೇನು? ನಮಗೆ ಸಾಹೇಬರಿಲ್ಲ. ಅದಕ್ಕೇ ಪುಸ್ತಕವನ್ನು ಸಾಹೇಬನನ್ನಾಗಿ ಮಾಡಿಕೊಳ್ಳುತ್ತೇವೆ. ಹೊತ್ತು ಹೇಗೆ ಕಳೆಯಬೇಕು, ದರ ಹೇಗೆ ಹೇಳಬೇಕು ಎಂದು ಕೇಳಿ, ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ. ಮನೆಯವರಿಗೆ ಏನು ಹೇಳಬೇಕೆಂದು ಅದನ್ನು ಕೇಳಬೇಡಿ. ಅದಕ್ಕೆ ನಿಮ್ಮ ಅಕ್ಕ ಗೊತ್ತಿಲ್ಲ.

ಇನ್ನು ಫಲಕದ ತಪ್ಪು. ಏಕಾಂಗಿ ಎಂಬುದು ಈಗ ನಿಜ, ಅದಕ್ಕೆ ಗುರುತು ಹಾಕುವುದಿಲ್ಲ. ಸಾಧಕ ಎಂಬಲ್ಲಿ ಹಾಕುತ್ತೇನೆ. ಸಾಧನೆ ಎನ್ನುವಂಥದ್ದು ನಡೆದದ್ದೆಲ್ಲ ನಾನು ಏಕಾಂಗಿ ಆಗುವ ಮೊದಲು.

ಇವತ್ತು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕಾದಿಡಲು ಹೇಳಿದ್ದೆ. ಖಾಲಿ ಇದೆ, ನೀವೂ ನೋಡುತ್ತಿದ್ದೀರಿ. ಬರುತ್ತೀಯಾ ಎಂದು ಕೇಳಿದ್ದಕ್ಕೆ ಅವಳು ನೋಟ್‌ಬುಕ್ಕಿನಲ್ಲಿ "ನೋಡೋಣ" ಎಂದು ಬರೆದಿದ್ದಳು. ಅವಳಿಗಾಗಿ ನಾಲ್ಕು ತಿಂಗಳಿನಿಂದ ಬರೆದು ಹೊಡೆದು ಮಾಡಿದ್ದು ಈ ಚೀಟಿಯಲ್ಲಿದೆ. ಓದುತ್ತೇನೆ.

"ಅಕ್ಕ, ತಪ್ಪು ಹುಡುಕುತ್ತಿದ್ದವಳು ನೀನು. ನಾನು ಗೀಟು ಹಾಕುತ್ತಿದ್ದೆ ಅಷ್ಟೇ. ಅದು ಗೊತ್ತಿದ್ದೂ ಬಂದ ಹೆಸರನ್ನೆಲ್ಲ ನಾನೊಬ್ಬನೇ ಇಟ್ಟುಕೊಂಡೆ."

ಇಲ್ಲಿಂದ ನೇರವಾಗಿ ಇದನ್ನು ಅವಳ ಬಳಿಗೆ ಒಯ್ಯುತ್ತೇನೆ. ಪೆನ್ನು ತೆಗೆದುಕೊಂಡು ತಿದ್ದಿದರೆ ನಾನು ಬದುಕಿದೆ. ಒಂದು ಗುರುತೂ ಹಾಕದೆ, ಸರಿಯಿದೆ ಎಂಬಂತೆ ತಲೆಯಾಡಿಸಿ, ಬೆನ್ನು ಹೇಗಿದೆ ಎಂದು ಬರೆದುಬಿಟ್ಟರೆ ಏನು ಮಾಡಲಿ ಎಂದು ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಇಷ್ಟು ಹೊತ್ತು ಎಡವದೆ ಕೇಳಿದ ನಿಮಗೂ, ಗಡಿಯಾರ ನೋಡುವುದನ್ನು ನಡುವೆ ಬಿಟ್ಟ ಅತಿಥಿಗಳಿಗೂ, ಆ ಕುರ್ಚಿಯನ್ನು ಬೇರೆ ಯಾರಿಗೂ ಕೊಡದೆ ಉಳಿಸಿದ ಕಾರ್ಯದರ್ಶಿಗಳಿಗೂ ಧನ್ಯವಾದ. ಇದನ್ನು ಮಾತ್ರ ಯಾವ ಪುಸ್ತಕದಿಂದಲೂ ತಂದಿಲ್ಲ.

ನಮಸ್ಕಾರ.