ಮೂರನೇ ಮಹಡಿಯ ಮನೆ ಮಾರಾಟಕ್ಕಿದೆ

ದಯೆ ಅಂದ್ರೇನು ಅಂತ ಇಷ್ಟು ಹೊತ್ತು ನಾನು ಮಾತಾಡಿದೆ, ನೀವು ತಲೆ ಆಡಿಸಿದಿರಿ. ತಲೆ ಆಡಿಸೋದು ಸುಲಭ. ಈಗ ಒಬ್ಬ ಮನುಷ್ಯನ ವಿಷಯ ಹೇಳ್ತೀನಿ, ಕೇಳಿ.

ಒಂದು ದೊಡ್ಡ ಪಟ್ಟಣ. ಅಲ್ಲಿ ಸ್ಟೀಲ್ ಪಾತ್ರೆ ವ್ಯಾಪಾರ ಮಾಡಿ ಚೆನ್ನಾಗಿ ಸಂಪಾದಿಸಿದ ಒಬ್ಬರು ಇದ್ದರು. ಹೆಸರು ಬೇಡ, ಯಜಮಾನರು ಅಂತಲೇ ಕರೆಯೋಣ. ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಅವರ ಮನೆ. ಗಾಳಿ ಬೆಳಕು ಧಾರಾಳ. ಪೂರ್ವಕ್ಕೆ ಬಾಲ್ಕನಿ. ಮನೆಯಲ್ಲಿ ಏನೂ ಕೊರತೆ ಇರಲಿಲ್ಲ. ಕೊರತೆ ಎಲ್ಲಿತ್ತು? ಯಜಮಾನರನ್ನ ಕೇಳಿದ್ರೆ, ಅಕ್ಕಪಕ್ಕದಲ್ಲಿ! ಎದುರು ಮನೆಯಲ್ಲಿ ಸಾಬರು. ಮೇಲುಗಡೆ ಕೇರಳದ ನರ್ಸು. ಕೆಳಗಡೆ ತಮಿಳಿನವರು, ಅವರ ಪಕ್ಕ ಸಿಂಧಿ ಸಂಸಾರ. ಮೆಟ್ಟಿಲು ಹತ್ತಿದರೆ ಒಂದೊಂದು ಮಹಡಿಗೆ ಒಂದೊಂದು ಒಗ್ಗರಣೆ, ಒಂದೊಂದು ಭಾಷೆ.

"ಇಲ್ಲಿ ನಮ್ಮವರು ಅಂತ ಒಬ್ಬರಾದರೂ ಇದ್ದಾರೇನೇ?" ಅಂತ ಹೆಂಡತಿ ಗಿರಿಜಮ್ಮನನ್ನ ಕೇಳೋರು. ಆಕೆ ಎದ್ದು ಅಡುಗೆಮನೆಗೆ ಹೋಗೋರು.

ಹನ್ನೊಂದು ವರ್ಷ ಹೀಗೇ ಕಳೀತು. ನೋಡಿ, ಹನ್ನೊಂದು ವರ್ಷ! ಕೊನೆಗೆ ಯಜಮಾನರು ತೀರ್ಮಾನ ಮಾಡಿದರು. ಊರಾಚೆ ಒಂದು ಹೊಸ ಬಡಾವಣೆ, ಪೂರ್ತಿ ಅವರ ಜನವೇ. ಇಲ್ಲಿ ಮಾರಿ ಅಲ್ಲಿಗೆ ಹೋಗೋದು. ಪೇಪರಿನಲ್ಲಿ ಜಾಹೀರಾತು ಬಂತು, ಬ್ರೋಕರ್ ಬಂದ, ಮನೆ ನೋಡೋಕೆ ಜನ ಬಂದರು. ಬಂದವರೆಲ್ಲ ಏನು ಕೇಳ್ತಾರೆ? ನೀರು ಬರುತ್ತಾ, ಲಿಫ್ಟ್ ಇದೆಯಾ, ಕಾರು ಎಲ್ಲಿ ನಿಲ್ಲಿಸೋದು, ವಾಸ್ತು ಸರಿ ಇದೆಯಾ. ಎಲ್ಲದಕ್ಕೂ ಯಜಮಾನರ ಹತ್ತಿರ ಉತ್ತರ ಇತ್ತು.

ಒಂದು ಭಾನುವಾರ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ಚಂಪಾವತಿ, ಬ್ಯಾಂಕಿನಲ್ಲಿ ಕೆಲಸ. ಗಂಡ ರೈಲಿನಲ್ಲಿ ಗಾರ್ಡು, ವಾರದಲ್ಲಿ ನಾಲ್ಕು ದಿನ ಊರಲ್ಲೇ ಇರಲ್ಲ. ಜೊತೆಗೆ ಹತ್ತು ವರ್ಷದ ಮಗಳು. ಆಕೆ ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಸರ್, ನನ್ನ ಮಗಳಿಗೆ ಆಗಾಗ ಫಿಟ್ಸ್ ಬರುತ್ತೆ. ಬರೋಕೆ ಮುಂಚೆ ಇವಳಿಗೇ ಸ್ವಲ್ಪ ಗೊತ್ತಾಗುತ್ತೆ. ನಾನು ಮನೇಲಿ ಇಲ್ಲದಾಗ ಹಾಗಾದ್ರೆ, ಇವಳು ಯಾರ ಮನೆ ಬಾಗಿಲು ತಟ್ಟಬೇಕು?"

ಯಜಮಾನರು ತಡವರಿಸಿದರು. "ಅದೇನಮ್ಮ... ಇಲ್ಲಿ ಬಹಳ ಒಳ್ಳೇದು. ಯಾರೂ ಯಾರ ತಂಟೆಗೂ ಬರಲ್ಲ."

"ತಂಟೆಗೆ ಬರೋರೇ ಬೇಕು ಸರ್ ನನಗೆ," ಅಂದಳು. ಅಂದು, ಸೀದಾ ಹೋಗಿ ಎದುರು ಮನೆಯ ಬೆಲ್ ಒತ್ತಿಬಿಟ್ಟಳು!

ಬಾಗಿಲು ತೆಗೆದವರು ಮುನೀರ್ ಸಾಬರು. ಟೈಲರ್ ಕೆಲಸ ಬಿಟ್ಟು ಮನೇಲಿದ್ದ ಮುದುಕರು. ಆಕೆಯ ಮಾತು ಪೂರ್ತಿ ಕೇಳಿದರು. "ನನ್ನ ತಮ್ಮಂಗೂ ಹಿಂಗೇ ಬರ್ತಿತ್ತಮ್ಮ. ಹೆದರಬಾರದು. ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು. ನಾನು ಇಡೀ ದಿನ ಮನೇಲೇ ಇರ್ತೀನಿ. ಬರ್ಲಿ ಮಗು." ಚಂಪಾವತಿ ಅಲ್ಲಿಂದ ಮೇಲೂ ಕೆಳಗೂ ಹೋಗಿ ಕೇಳಿದಳು. ಮೇಲುಗಡೆಯ ನರ್ಸು ಬಿನ್ಸಿ ತನ್ನ ನಂಬರನ್ನ ಆ ಹುಡುಗಿಯ ಕೈಯಿಂದಲೇ ಬರೆಸಿದಳು. ಕೆಳಗಿನ ಮನೆಯ ತಮಿಳು ಹೆಂಗಸು ಎಳಿಲಮ್ಮ ಹುಡುಗಿಯ ತಲೆ ಸವರಿದರು. ಆಮೇಲೆ ಹಿಂದೆಯೇ ಇಳಿದು ಬಂದಿದ್ದ ಯಜಮಾನರನ್ನ ನೋಡಿ ಮೆಲ್ಲಗೆ ಕೇಳಿದರು.

"ಸರ್, ನೀವು ಮನೆ ಬಿಟ್ಟು ಹೋಗ್ತಿದೀರಂತೆ. ನಾವೇನಾದ್ರೂ ತಪ್ಪು ಮಾಡಿದ್ವಾ?"

ಯಜಮಾನರು ಏನು ಹೇಳಬೇಕು? ನೀವೇ ಹೇಳಿ, ಏನು ಹೇಳೋಕಾಗುತ್ತೆ? ತಪ್ಪು ಮಾಡಿಲ್ಲ ಅಂದರೆ, ಮತ್ತೆ ಯಾಕೆ ಹೋಗ್ತಿದೀರಿ ಅನ್ನೋ ಪ್ರಶ್ನೆ ಬರುತ್ತೆ. ತಲೆ ತಗ್ಗಿಸಿಕೊಂಡು ಮೇಲೆ ಬಂದು ಕುರ್ಚಿಯಲ್ಲಿ ಕೂತರು.

ಆಗ ಗಿರಿಜಮ್ಮ ಬಾಯಿಬಿಟ್ಟರು. "ಹೋದ ವರ್ಷ ನೀವು ಮದುವೆಗೆ ಅಂತ ಊರಿಗೆ ಹೋಗಿ ಮೂರು ವಾರ ಇದ್ದಿರಲ್ಲ, ಆಗ ನಾನು ಬಚ್ಚಲುಮನೇಲಿ ಜಾರಿಬಿದ್ದೆ. ಏಳೋಕೇ ಆಗಲಿಲ್ಲ. ಕೂಗಿದ್ದು ಕೇಳಿ ಬಂದವರು ಮುನೀರ್ ಸಾಬರ ಹೆಂಡತಿ. ಬಿನ್ಸಿ ಎರಡು ವಾರ ದಿನಾ ಬಂದು ಕಾಲಿಗೆ ಪಟ್ಟಿ ಕಟ್ಟಿದಳು."

"ನನಗ್ಯಾಕೆ ಹೇಳಲಿಲ್ಲ?"

"ಅವರನ್ನ ಯಾಕೆ ಒಳಗೆ ಬಿಟ್ಟುಕೊಂಡೆ ಅಂತ ಬೈತೀರಿ ಅಂತ."

ಅಯ್ಯಾ, ಆ ಮನುಷ್ಯನಿಗೆ ಹೇಗಾಗಿರಬೇಕು! ತನ್ನ ಹೆಂಡತಿ ಬಿದ್ದದ್ದನ್ನ ಇಡೀ ಕಟ್ಟಡ ಬಲ್ಲದು, ತಾನೊಬ್ಬನೇ ಅರಿಯ. ತಾನು ಯಾರಿಂದ ದೂರ ಓಡಬೇಕು ಅಂತಿದ್ದನೋ, ಅವರೇ ಅವಳನ್ನ ಎತ್ತಿ ಕೂರಿಸಿದ್ದರು. ಯಜಮಾನರು ಕಣ್ಣೊರೆಸಿಕೊಂಡು, "ಮನೆ ಮಾರೋದು ಬೇಡ ಬಿಡು," ಅಂದರು.

ಗಿರಿಜಮ್ಮ ಒಪ್ಪಲಿಲ್ಲ! "ಮಾರಿ. ಆ ಮಗುವಿಗೆ ಈ ಮನೆ ನಮಗಿಂತ ಹೆಚ್ಚು ಬೇಕು. ನಮ್ಮಿಬ್ಬರಿಗೆ ಮೂರು ಕೋಣೆ ಯಾಕೆ? ನೆಲಮಹಡಿಯಲ್ಲಿ ಚಿಕ್ಕ ಮನೆ ಬಾಡಿಗೆಗೆ ಖಾಲಿ ಇದೆ, ಅಲ್ಲಿರೋಣ. ನಿಮ್ಮ ಆ ಬಡಾವಣೆಗೆ ಮಾತ್ರ ನಾನು ಬರಲ್ಲ."

ಹಾಗೇ ಆಯ್ತು. ಮೂರನೇ ಮಹಡಿಗೆ ಚಂಪಾವತಿ ಬಂದಳು, ಯಜಮಾನರು ಕೆಳಗಿಳಿದರು. ಮೊದಮೊದಲು ಅವರಿಗೆ ಬಹಳ ಸಂಕೋಚ. ಮುನೀರ್ ಸಾಬರ ಮನೆಯ ಚಹಾ ಕುಡಿಯೋಕೆ ಒಂದು ತಿಂಗಳು ಹಿಡೀತು. ಮನುಷ್ಯ ಒಂದೇ ದಿನದಲ್ಲಿ ಬದಲಾಗಲ್ಲ, ನಾನು ಹಾಗಂತ ಹೇಳಲೂ ಇಲ್ಲ.

ಒಂದು ಮಧ್ಯಾಹ್ನ ಆ ಹುಡುಗಿ ಶಾಲೆಯಿಂದ ಬಂದವಳು ಫಿಟ್ಸ್ ಬರ್ತಿದೆ, ಮೂರನೇ ಮಹಡಿವರೆಗೂ ಹೋಗೋಕೆ ಆಗಲ್ಲ ಅಂತ ಗೊತ್ತಾಗಿ ಯಜಮಾನರ ಬಾಗಿಲನ್ನೇ ತಟ್ಟಿದಳು. ಅವರು ತೆಗೆಯೋ ಹೊತ್ತಿಗೆ ಕುಸಿದಳು. ಯಜಮಾನರು ಅವಳನ್ನ ಹಿಡಿದು, ಸಾಬರು ಹೇಳಿದ್ದ ಹಾಗೇ ಪಕ್ಕಕ್ಕೆ ತಿರುಗಿಸಿ ಮಲಗಿಸಿದರು. "ಬಿನ್ಸೀ! ಸಾಬ್ರೇ! ಎಳಿಲಮ್ಮಾ!" ಅಂತ ಕಟ್ಟಡ ಕಿತ್ತುಹೋಗೋ ಹಾಗೆ ಕೂಗಿದರು. ಹನ್ನೊಂದು ವರ್ಷ ಬಾಯಿಗೆ ಬರದ ಹೆಸರುಗಳು ಒಂದೇ ಉಸಿರಲ್ಲಿ ಬಂದವು! ಮೂರು ಮಹಡಿಯ ಜನ ಓಡಿಬಂದರು. ಅಮ್ಮ ಬ್ಯಾಂಕಿನಿಂದ ಬರೋ ಹೊತ್ತಿಗೆ ಮಗಳು ಗಿರಿಜಮ್ಮನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಳು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಮುಖ ಆ ಕಡೆ ತಿರುಗಿಸಬೇಡಿ! ನಿಮ್ಮ ಬೀದಿಯಲ್ಲಿ ನೀವು ಎಷ್ಟು ವರ್ಷದಿಂದ ಇದ್ದೀರಿ? ಎದುರು ಮನೆಯವರ ಹೆಸರು ಗೊತ್ತಾ? "ಆ ಸಾಬರು", "ಆ ತಮಿಳಿನವರು", "ಆ ನರ್ಸು", ಇವು ಹೆಸರಾ? ಮನೆ ಬಾಡಿಗೆಗೆ ಕೇಳ್ಕೊಂಡು ಬಂದವರನ್ನ ಮೊದಲು ಏನು ಕೇಳ್ತೀರಿ? ನೀವು ಯಾವ ಜನ ಅಂತ ತಾನೇ? ಆ ಪ್ರಶ್ನೆಯನ್ನ ಇವತ್ತೇ ಬಿಟ್ಟುಬಿಡಿ. ಊಟ ಆಯ್ತಾ ಅಂತ ಕೇಳಿ. ಮಕ್ಕಳು ಎಷ್ಟನೇ ಕ್ಲಾಸು ಅಂತ ಕೇಳಿ. ಮನೆಯಲ್ಲಿ ಹುಷಾರಿಲ್ಲದವರು ಇದ್ದಾರಾ ಅಂತ ಕೇಳಿ. ನಾಳೆ ಮನೇಲಿ ಏನಾದ್ರೂ ಸಿಹಿ ಮಾಡಿದ್ರೆ, ಇದುವರೆಗೂ ಕೊಡದ ಒಂದು ಮನೆಗೆ ಒಂದು ಬಟ್ಟಲು ಕೊಟ್ಟು ಬನ್ನಿ. ಇಷ್ಟು ಮಾಡೋದಕ್ಕೆ ಜ್ಞಾನ ಬೇಕಾ? ತಪಸ್ಸು ಬೇಕಾ?

ನಾಳೆಯವರೆಗೂ ಯಾಕೆ, ಈಗಲೇ ಶುರು ಮಾಡೋಣ. ನಿಮ್ಮ ಎಡಗಡೆ ಕೂತಿರೋರನ್ನ ನೋಡಿ. ಗುರುತಿಲ್ಲ ಅಲ್ವಾ? ಒಂದು ಗಂಟೆಯಿಂದ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೀರಿ. ಹೆಸರು ಕೇಳಿ. ಕೇಳ್ರಪ್ಪಾ, ನಾಚಿಕೆ ಯಾಕೆ? ನಾನು ಕಾಯ್ತೀನಿ.