ಇಲ್ಲೇ ಕೂತಿರು ಅಂದವರು

ರಾತ್ರಿ ಸ್ಟೇಷನ್ನಿನಿಂದ ಮನೀಗೆ ಬರೋವಾಗ ಆ ಹಳೇ ಗೋರಿ ದಾಟೂದಂದ್ರ ನಿಮಗ ಹೆದರಿಕಿ ಅಂತೀರಿ. ಕತ್ತಲಿಗೆ ಏನ ಹೆದರತೀರಿ... ನಮ್ಮ ಚಿಗವ್ವಗ ಆದದ್ದು ಹಾಡಹಗಲಾಗ. ಸಣ್ಣ ದನಿಯೊಳಗ ಹೇಳ್ತೀನಿ, ಮ್ಯಾಲೆ ಹುಡುಗರು ಮಲಗ್ಯಾರ.

ರತ್ನಾಬಾಯಿ ಅಂತ, ನಮ್ಮವ್ವನ ಖಾಸಾ ತಂಗಿ. ಧಾರವಾಡದಾಕಿ. ತೊಂಬತ್ತೆಂಟನೇ ಇಸ್ವಿ ಬ್ಯಾಸಗಿಗೆ ಮಗ ಶಂಕರ ಇಲ್ಲಿಗೆ ಕರಿಸಿಕೊಂಡಿದ್ದ. ಅವಾ ಡಾಕ್ಟರ, ಹೆಂಡ್ತಿ ಮಾಳವಿಕಾನೂ ಡಾಕ್ಟರ. ಇಲ್ಲೇ ಲಂಡನ್ನಿನ ಈ ಇಲ್ಫರ್ಡಿನ್ಯಾಗ, ನಮ್ಮ ಹಿಂದಿನ ಓಣ್ಯಾಗ ಮನಿ. ಲಂಡನ್ ತೋರಸ್ತೀನಿ ಬಾ ಅಂದಿದ್ನಂತ. ತೋರಿಸಿದ್ದೇನು? ಅಡಗಿಮನಿ, ವಾಷಿಂಗ್ ಮಷೀನು, ಹಾಲುಗಲ್ಲದ ಕೂಸು ಸೃಷ್ಟಿ. ಗಂಡ ಹೆಂಡ್ತಿ ಇಬ್ಬರೂ ಡ್ಯೂಟಿಗೆ ಹೋಗೋರು. ಚಿಗವ್ವ ಹಿತ್ತಲದ ಬೇಲಿ ಬಿಟ್ಟು ಬ್ಯಾರೆ ಏನೂ ನೋಡಿರಲಿಲ್ಲ. ನನಗ ಮೈಯೆಲ್ಲಾ ಉರೀತಿತ್ತು. ಆಕಿ ಮಾತ್ರ ಹಲ್ಲು ಕಚಕೊಂಡು ಪಾತ್ರೆ ತಿಕ್ಕತಿದ್ಲು.

ಕಡೀಕ ಒಂದು ರವಿವಾರ ಕರಕೊಂಡು ಹೊಂಟ್ರು. ಶಂಕರನ ಕೈಯಾಗ ನಕಾಶಿ. ಹಳೇ ಊರು ನೋಡೋದಿದ್ರ ನಡಕೋತನ ನೋಡಬೇಕಂತ ಅವನ ಹಟ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ್ಯಾಗ ಇಳದು ಶುರು ಮಾಡಿದ್ರು. ಈ ಚರ್ಚು, ಆ ಗೋಡಿ, ಅಲ್ಲಿ ಯಾವನೋ ರಾಜಾ ಕಟ್ಟಿಸಿದ್ದು. ಗಂಡ ಹೆಂಡ್ತಿ ಮುಂದ, ಫೋಟೋ ತಕ್ಕೋತ. ಹಿಂದ ಚಿಗವ್ವ, ಕೂಸಿನ ಗಾಡಿ ದೂಡಕೋತ. ಕಲ್ಲು ಹಾಸಿದ ಓಣ್ಯಾಗ ಗಾಲಿ ಕಟಕಟ, ಕಟಕಟ. ಮೊಣಕಾಲು ಹರಕೊಂಡು ಹೋಗೂವಷ್ಟು ನೋವು. ಒಂದಿಷ್ಟು ನಿಲ್ಲಪಾ ಅಂದ್ರ, ಇನ್ನೂ ರಾಜರ ಹಳೇ ಕೋಟಿ, ಟವರ್, ನೋಡೋದದ ಅಂತಿದ್ದ.

ಟವರ್ ಹತ್ತರ ಬಂದಾಗ ಅಂದ, ಒಳಗ ಬರೇ ಮೆಟ್ಲ, ನಿನ್ನ ಕಾಲಿಗೆ ಆಗೂದಿಲ್ಲ, ಗಾಡಿನೂ ಹತ್ತೂದಿಲ್ಲ. ಆಫೀಸುಗಳ ಸಂದಿಯೊಳಗ ಒಂದು ಹಳೇ ಚರ್ಚಿನ ಸಣ್ಣ ತ್ವಾಟ ಇತ್ತು. ದೊಡ್ಡದೊಂದು ಗಿಡ, ಕೆಳಗ ಕೂಡಾಕ ಕಟಗಿ ಬಾಕು.

"ಇಲ್ಲೇ ಕೂತಿರು ಅವ್ವಾ. ಈಗ ಬಂದಬಿಡ್ತೀವಿ."

ಹೋದ್ರು.

ರವಿವಾರ ಆ ಕಡೆ ಒಂದು ನರಪಿಳ್ಳೆ ಇರೂದಿಲ್ಲ, ನೀವೂ ನೋಡೀರಿ. ಅಂಗಡಿ ಮುಚ್ಚಿದ್ವು. ಬಿಸಲು ಸರೀತು. ಅವರ ಪತ್ತೆ ಇಲ್ಲ. ಚಿಗವ್ವಗ ಒಳಗಿಂದೊಳಗ ಸಿಟ್ಟು ಏರಾಕ್ಹತ್ತಿತು... ಅಷ್ಟರಾಗ ಪಾರಿವಾಳ ಪಟಪಟ ಅಂತ ಎಲ್ಲಾ ಒಮ್ಮೆಗೇ ಎದ್ದುವು. ಬಾಕು ಕಿರ್ರ್ ಅಂತು.

ಆ ತುದಿಗೆ ಒಬ್ಬಾಕಿ ಕೂತಿದ್ಲು.

ನಮ್ಮ ಕಡೆ ಹೆಣ್ಮಗಳು. ಮಾಸಿದ ಬಿಳೇ ಸೀರಿ. ಅಂಥಾ ಬಿಸಲಾಗ ಮ್ಯಾಲೊಂದು ದಪ್ಪ ಶಾಲು. ಕಾಲಾಗ ಗಂಡಸರ ಬೂಟು. ಉಗುರಿನಿಂದ ಬಾಕಿನ ಕಟಗಿ ಕೆರೀತಿದ್ಲು... ಪರ್... ಪರ್... ಚಿಗವ್ವನ ಕಡೆ ನೋಡಲೇ ಇಲ್ಲ. ಕೂಸನ್ನ ನೋಡತಿದ್ಲು.

"ಕೂಸು ಯಾರದು?"

ನಮ್ಮ ಮಾತು ಕೇಳಿ ಚಿಗವ್ವಗ ಜೀವ ಬಂದಂಗಾತು. "ನನ್ನ ಮಗಂದು."

"ಅವರೆಲ್ಲಿ?"

"ಈಗ ಬರ್ತಾರ."

ಕೆರಿಯೂದು ನಿಂತಿತು. "ನನಗೂ ಹಂಗ ಹೇಳಿದ್ರು."

ಆಮ್ಯಾಲೆ ಒಂದೊಂದೇ ಮಾತು ಕಡದಂಗ ಹೇಳಿದ್ಲಂತ. ಬೆಳಗಾಂವಿ ಕ್ಯಾಂಪಿನ್ಯಾಗ ಒಬ್ಬ ಇಂಗ್ರೇಜಿ ಸಾಹೇಬನ ಕೂಸು ನೋಡಕೋತಿದ್ಲಂತ. ಅವರು ತಮ್ಮ ಊರಿಗೆ ಹೊಂಟಾಗ ಕೂಸು ಈಕಿನ್ನ ಬಿಡಲಿಲ್ಲ, ಅದಕ್ಕ ಹಡಗಿನ್ಯಾಗ ಕರಕೊಂಡು ಬಂದ್ರು. ದಾರೀತುಂಬ ಎದಿ ಮ್ಯಾಲ ಮಲಗಿಸಿಕೊಂಡು ತಂದ್ಲು. ಇಲ್ಲಿ ಇಳದ ಕೂಡಲೇ ಮೇಮಸಾಹೇಬಳು ಕೂಸು ಕಸಗೊಂಡು, ಇಲ್ಲೇ ಕೂತಿರು ಅಂದ್ಲು. ಹೋದ್ಲು.

ಈಗ ಯಾರು ಹಡಗಿನ್ಯಾಗ ಬರ್ತಾರ, ಈಕಿ ತಲಿ ಕೆಟ್ಟಾಕಿ ಇರಬೇಕು ಅಂತ ಚಿಗವ್ವ ಅನಕೊಂಡ್ಲು. ಎಷ್ಟು ದಿನಾ ಆತವ್ವಾ ಅಂತ ಕೇಳಿದ್ಲು.

"ಬೈಕೋತ ಕೂತೀನಿ. ಇನ್ನೂ ಬೈಯೂದು ಮುಗದಿಲ್ಲ."

ಸಮಾಧಾನ ಮಾಡಬೇಕಂತ ಚಿಗವ್ವ ಬಾಕಿನ ಮ್ಯಾಲ ಕೈ ಚಾಚಿದ್ಲು. ತನ್ನ ಕಡೆ ಕಟಗಿ ಬೆಚ್ಚಗ ಇತ್ತು. ಆ ಕಡೆ... ಬರ್ಫ. ಕೈ ಎಳಕೊಂಡ್ಲು. ಆಕಿ ಜಾಗಾ ಬಿಟ್ಟು ಅಲುಗಿರಲಿಲ್ಲ, ಆದ್ರ ಮಾತು ಕಿವಿಯೊಳಗ ಬಂತು.

"ಏಳು... ಕೂತ್ರ ನನ್ನಂಗ ಕೂತೇ ಇರ್ತಿ."

ಚಿಗವ್ವ ಎದ್ಲು. ಗಾಡಿ ಹಿಡಕೊಂಡು ಹೊಂಟ್ಲು. ಎಲ್ಲಿಗೆ ಅಂತ ಗೊತ್ತಿಲ್ಲ. ಹಿಂದ ಬೂಟಿನ ಸಪ್ಪಳ... ಢಪ್... ಢಪ್. ಗಾಲಿ ಮಾತ್ರ ಕಲ್ಲಿನ ಮ್ಯಾಲೂ ಸಪ್ಪಳ ಮಾಡಲಿಲ್ಲ. ಓಣಿ ಮೂಲಿ ಬಂದಾಗೆಲ್ಲಾ ಗಾಡಿ ತಾನ ಹೊಳ್ಳತಿತ್ತಂತ, ಯಾರೋ ಹಿಡದು ಹೊಳ್ಳಿಸಿದಂಗ. ಹೆದರಿಕಿ ಆಗಲಿಲ್ಲೇನು ಅಂತ ನಾ ಕೇಳೀನಿ. ಹೆದರಿಕಿಗಿಂತ ಸಿಟ್ಟು ಜಾಸ್ತಿ ಇತ್ತು ಅಂದ್ಲು. ತನ್ನ ಸಿಟ್ಟೋ, ಆಕೀದೋ, ಗೊತ್ತಾಗಲಿಲ್ಲಂತ.

ಸ್ಟೇಷನ್ನಿನ ಬಾಗಲದಾಗ ಬೂಟು ನಿಂತುವು. ಹೊಳ್ಳಿ ನೋಡಿದ್ರ ಯಾರೂ ಇಲ್ಲ. ಚಿಗವ್ವಗ ಬರತಿದ್ದದ್ದು ಒಂದೇ ಮಾತು, ಇಲ್ಫರ್ಡ್. ಅದನ್ನ ಹೇಳಿದ್ಲು. ಒಬ್ಬ ಗಾರ್ಡ್ ಗಾಡಿ ಎತ್ತಿ ರೈಲಿನ್ಯಾಗ ಇಟ್ಟ.

ಮಗನ ಮನಿ ಕೀಲಿಕೈ ಆಕಿ ಹತ್ರ ಎಲ್ಲೀದು? ನಮ್ಮ ಮನೀಗೇ ಬಂದ್ಲು. ಮುಖ ಕೆಂಡದಂಗ. ಒಂದು ತಂಬಿಗಿ ನೀರು ಗಟಗಟ ಕುಡದು ಇದನ್ನೆಲ್ಲಾ ಹೇಳಿದ್ಲು. ಹೊತ್ತು ಮುಳಗೋ ಮುಂದ ಶಂಕರ, ಮಾಳವಿಕಾ ಪೋಲೀಸ್ ಸ್ಟೇಷನ್ನಿನಿಂದ ಓಡಿ ಬಂದ್ರು. ಬಾಕು ಖಾಲಿ ನೋಡಿ ಊರೆಲ್ಲಾ ಹುಡುಕಿದ್ರಂತ. ಮಾಳವಿಕಾ ಬರೇ ಅಳು. ಅವಾ ನಿಂತಲ್ಲೇ ಒದರಿದ, ಕೂತಿರು ಅಂದ್ರ ಯಾಕ ಎದ್ದಿ ಅಂತ.

ಚಿಗವ್ವ ದನಿ ಏರಿಸಲಿಲ್ಲ.

"ಬರೋ ರವಿವಾರ ನಾ ಧಾರವಾಡದಾಗ ಇರ್ತೀನಿ. ಕೂಸಿಗೆ ಯಾರನ್ನರೆ ಹಚ್ಚಿಕೊ."

ಹಂಗ ಮಾಡಿದ್ಲು. ಭಾಳ ದಿನಾ ಮಗನ ಫೋನು ಸುದ್ದಾ ತಗೋಲಿಲ್ಲ. ಕಡೀಕ ಅವನೇ ಹೋಗಿ ಅಂಗಳದಾಗ ನಿಂತು ತಪ್ಪಾತು ಅಂದ. ಆಕಿ ಊಟಕ್ಕ ಹಾಕಿದ್ಲು, ಆದ್ರ ಈ ದೇಶಕ್ಕ ಮತ್ತ ಕಾಲಿಡಲಿಲ್ಲ.

ಆ ಬಾಕಿನ ಸುದ್ದಿ ಎಲ್ಲಾ ಆಕಿ ಹೇಳಿದ್ದು. ಇನ್ನ ನಾ ಕಂಡದ್ದು ಕೇಳ್ರಿ. ಅವತ್ತು ಇವರು ಒದರಾಡೋವಾಗ ನಾನು ಕೂಸಿನ ಒದ್ದೀ ಬಟ್ಟಿ ಬದಲಿ ಮಾಡಿದೆ. ಕಾಲಚೀಲಾ ಬಿಚ್ಚಿದೆ. ಎಡಗಾಲಿನ ಅಂಗಾಲಿಗೆ ಕಾಡಿಗಿ ಬೊಟ್ಟು. ದುಂಡಗ. ಇನ್ನೂ ಹಸೀ ಇತ್ತು... ನನ್ನ ಹೆಬ್ಬಟ್ಟಿಗೆ ಹತ್ತಿತು.

ಮಾಳವಿಕಾನ ಮನ್ಯಾಗ ಕಾಡಿಗಿ ಇಲ್ಲ. ನನ್ನ ಮನ್ಯಾಗೂ ಇರಲಿಲ್ಲ. ಚಿಗವ್ವನ ಕೇಳಿದ್ರ, ನಾ ಕೂಸನ್ನ ಗಾಡಿಯಿಂದ ತಗದೇ ಇಲ್ಲ ಅಂದ್ಲು.

ನಂಬ್ರಿ, ಬಿಡ್ರಿ. ಕಾಲಚೀಲಾ ಬಿಚ್ಚಿದಾಕಿ ನಾನು.